ಓಲೆಯ ಕೊನೆಯ ಗರಿ: ಕೆಲವು ಗ್ರಂಥಗಳನ್ನು ಓದಿದ ಮೇಲೆ

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದಂತಹ ಮಲೆನಾಡಿನ ಊರಿನಲ್ಲಿ ಕುಳಿತು ಜೈನ ಹಸ್ತಪ್ರತಿಗಳ ಕುರಿತ ಗ್ರಂಥಗಳನ್ನು ಓದುವವನ ಸ್ಥಿತಿ, ದೊಡ್ಡ ಗ್ರಂಥಭಂಡಾರದ ನೆರೆಯಲ್ಲಿರುವ ವಿದ್ವಾಂಸನ ಸ್ಥಿತಿಯಂತಲ್ಲ. ಮೂಲ ತಾಡಪತ್ರ ಇವನ ಕೈಗೆ ಸುಲಭವಾಗಿ ಬರುವುದಿಲ್ಲ. ಅಚ್ಚಾದ ಪುಸ್ತಕವೇ ಇವನ ಪಾಲಿಗೆ ಓಲೆ. ಸಂಪಾದಕನು ಬಿಟ್ಟದ್ದು ಇವನಿಗೆ ಇಲ್ಲವಾದಂತೆಯೇ, ಸಂಪಾದಕನು ಊಹಿಸಿದ್ದು ಇದ್ದಂತೆಯೇ. ಆದುದರಿಂದ ಇಂತಹ ಓದುಗನು ಪುಸ್ತಕವನ್ನು ತೆರೆದಾಗ ಮೊದಲು ಹುಡುಕಬೇಕಾದುದು ಕಾವ್ಯದ ಆದಿಮಂಗಳವನ್ನಲ್ಲ, ಓಲೆಯ ಕೊನೆಯ ಗರಿಯಲ್ಲಿ ಏನಿತ್ತೆಂಬ ಸಂಗತಿಯನ್ನು. ಆ ಗರಿಯಲ್ಲಿ ಬರೆದವನ ಹೆಸರು, ಬರೆಯಿಸಿದವರ ಹೆಸರು, ದಾನ ಪಡೆದ ಮುನಿಯ ಹೆಸರು, ಊರು, ಬಸದಿ, ತಿಥಿ ಇರುತ್ತವೆ. ಈ ದೃಷ್ಟಿಯಿಂದ ಓದಿದಾಗ ಕೆಲವು ಪ್ರಸಿದ್ಧ ಗ್ರಂಥಗಳು ಹೇಗೆ ಕಾಣುತ್ತವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಈ ಲೇಖನದ ಉದ್ದೇಶ. ಹಿರಿಯರ ಕೃತಿಗಳಲ್ಲಿ ಕೊರತೆಯನ್ನು ಎತ್ತಿ ತೋರಿಸುವುದು ವಿನಯಕ್ಕೆ ವಿರುದ್ಧವೆಂದು ಕೆಲವರು ಭಾವಿಸಬಹುದು. ಆದರೆ ಆ ಹಿರಿಯರೇ ತಮ್ಮ ಹಿಂದಿನವರ ಪಾಠಗಳನ್ನು ನಿಷ್ಠುರವಾಗಿ ಶೋಧಿಸಿದವರೆಂಬುದನ್ನು ಮರೆಯಲಾಗದು.

ಮೊದಲನೆಯದಾಗಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'. ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಈ ಸೂಚಿಯು ಮೂಡಬಿದಿರೆಯ ಜೈನಮಠ, ಜೈನಭವನ, ಸಿದ್ಧಾಂತಬಸದಿ ಮುಂತಾದ ಭಂಡಾರಗಳ ಜೊತೆಗೆ ಕಾರ್ಕಳ ಮತ್ತು ಅಳಿಯೂರುಗಳ ಓಲೆಗಳನ್ನೂ ಒಳಗೊಂಡಿದೆ. ಸಾವಿರಾರು ಕಟ್ಟುಗಳನ್ನು ಒಬ್ಬ ವಿದ್ವಾಂಸರು ಬಿಚ್ಚಿ, ಓದಿ, ಪತ್ರಸಂಖ್ಯೆ, ಭಾಷೆ, ಲಿಪಿ, ವಿಷಯಗಳನ್ನು ಗುರುತಿಸಿ ಮತ್ತೆ ಕಟ್ಟಿಟ್ಟರೆಂಬುದೇ ಸಣ್ಣ ಸಾಹಸವಲ್ಲ. ದಕ್ಷಿಣದ ಜೈನ ಸಾಹಿತ್ಯದ ಮೇಲೆ ಮುಂದೆ ಕೆಲಸಮಾಡಿದವರೆಲ್ಲರೂ ಈ ಸೂಚಿಯ ಋಣಿಗಳು. ಗ್ರಂಥದ ವಿವರಣೆ ಹಿಂದಿಯಲ್ಲಿರುವುದರಿಂದ ಉತ್ತರದ ಪಂಡಿತರಿಗೆ ಕನ್ನಡನಾಡಿನ ಭಂಡಾರಗಳ ಬಾಗಿಲು ತೆರೆಯಿತು. ಆದರೆ ಆ ಓಲೆಗಳನ್ನು ಮನೆಯಲ್ಲಿಟ್ಟು ಪೂಜಿಸುತ್ತ ಬಂದ ಕನ್ನಡ ಶ್ರಾವಕನಿಗೆ ಈ ಪುಸ್ತಕ ದೂರವಾಗಿಯೇ ಉಳಿಯಿತು. ಇದು ಶಾಸ್ತ್ರಿಗಳ ದೋಷವಲ್ಲ. ಅಂತಹ ಕಾರ್ಯಕ್ಕೆ ಆ ಕಾಲದಲ್ಲಿ ಆಶ್ರಯ ದೊರೆತುದು ಕಾಶಿಯಲ್ಲಿ.

ಸೂಚಿಯ ನಿಜವಾದ ಮಿತಿ ಬೇರೆ. 'ಕನ್ನಡ ಪ್ರಾಂತೀಯ' ಎಂಬ ವಿಶಾಲವಾದ ಹೆಸರನ್ನು ಹೊತ್ತಿದ್ದರೂ ಇದರ ವ್ಯಾಪ್ತಿ ಘಟ್ಟದ ಕೆಳಗಿನ ತುಳುನಾಡಿಗೆ ಸೀಮಿತವಾಗಿದೆ. ಘಟ್ಟದ ಮೇಲಿನ ಹೊಂಬುಜ, ಸಿಂಹನಗದ್ದೆಗಳು, ಕೊಪ್ಪ–ಶೃಂಗೇರಿ ಸೀಮೆಯ ಬಸದಿಗಳು, ಹಳೆಯ ಜೈನ ಮನೆತನಗಳು ಇದರಲ್ಲಿ ಸೇರಿಲ್ಲ. ಶೃಂಗೇರಿಯ ಪೇಟೆಯ ನಡುವೆ ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿ ನಿಂತಿರುವಾಗ, ಕಳಸ ಮತ್ತು ಕಾರ್ಕಳಗಳನ್ನು ಒಂದೇ ಅರಸುಮನೆತನವು ಆಳಿ ಘಟ್ಟದ ಮೇಲನ್ನೂ ಕೆಳಗನ್ನೂ ಬೆಸೆದಿರುವಾಗ, ಗ್ರಂಥಗಳು ಮಾತ್ರ ಘಟ್ಟದ ಕೆಳಗೇ ಇದ್ದವೆಂದು ಭಾವಿಸುವುದು ಸರಿಯಲ್ಲ. ಓದುಗನಿಗೆ ಈ ಸೂಚಿಯು ಒಂದು ಪ್ರಾಂತದ ಸೂಚಿಯಾಗಿ ಅಲ್ಲ, ಒಂದು ಮಹಾಸೂಚಿಯ ಮೊದಲ ಸಂಪುಟವಾಗಿ ಕಾಣಬೇಕು.

ಎರಡನೆಯದು ಷಟ್ಖಂಡಾಗಮ, ಅದರ ಧವಳಾ ಟೀಕೆಯೊಡನೆ. ಡಾ॥ ಹೀರಾಲಾಲ ಜೈನರು ಪಂಡಿತ ಫೂಲಚಂದ್ರ ಮತ್ತು ಪಂಡಿತ ಹೀರಾಲಾಲ ಶಾಸ್ತ್ರಿಗಳ ನೆರವಿನಿಂದ ೧೯೩೯ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವನ್ನು ಹೊರತಂದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ೧೬ ಸಂಪುಟಗಳು ಪೂರ್ಣವಾದವು. ವೀರಸೇನಾಚಾರ್ಯರು ಟೀಕೆಯನ್ನು ಮುಗಿಸಿದುದು ಹೀರಾಲಾಲರ ಗಣನೆಯಂತೆ ಶಕ ೭೩೮ರಲ್ಲಿ, ಎಂದರೆ ಕ್ರಿ.ಶ. ೮೧೬ರಲ್ಲಿ. ಅಂದಿನಿಂದ ಹನ್ನೊಂದು ಶತಮಾನಗಳ ಮೇಲೆ ಆ ಗ್ರಂಥ ಅಚ್ಚಿನ ಬೆಳಕು ಕಂಡಿತು. ಈ ಸಂಸ್ಕರಣದ ಮಹತ್ತ್ವವನ್ನು ವರ್ಣಿಸುವ ಅಗತ್ಯ ಈ ಪತ್ರಿಕೆಯ ವಾಚಕರಿಗಿಲ್ಲ. ಇಲ್ಲಿ ವಿಚಾರಿಸಬೇಕಾದುದು ಮೊದಲ ಸಂಪುಟದ ಒಂದೇ ಒಂದು ಪದವನ್ನು.

ಮೂಡಬಿದಿರೆಯ ಸಿದ್ಧಾಂತಬಸದಿಯ ಓಲೆಗಳು ಹಳಗನ್ನಡ ಲಿಪಿಯವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅವುಗಳ ನಕಲನ್ನು ಆರಂಭಿಸಿದರು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮಠದವರ ಅರಿವಿಗೆ ಬಾರದಂತೆ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದು ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದರಿಂದ ನಾಗರೀ ಪ್ರತಿ, ಆ ನಾಗರಿಯಿಂದ ಮತ್ತೆ ನಾಗರೀ ಪ್ರತಿಗಳು ಹುಟ್ಟಿ ಅಮರಾವತಿ, ಆರಾ, ಕಾರಂಜಾಗಳನ್ನು ಸೇರಿದವು. ಮೊದಲ ಸಂಪುಟದ ಸಂಪಾದಕರ ಮುಂದೆ ಇದ್ದವು ಈ ಪ್ರತಿಗಳು. ಅವರು ಇದನ್ನು ಮರೆಮಾಚದೆ ಪ್ರಸ್ತಾವನೆಯಲ್ಲಿ ಬಿಚ್ಚಿಟ್ಟಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ಮೂಲ ಓಲೆಯಿಂದ ಹಲವು ಮೆಟ್ಟಿಲು ದೂರದ ಪಾಠವನ್ನು ಅವರು ಅಚ್ಚಿಗೆ ಕೊಡಬೇಕಾಯಿತೆಂಬುದು ಸತ್ಯ. ಪ್ರಾಕೃತವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒತ್ತಕ್ಷರವನ್ನು ಬರೆಯದೆ ವ್ಯಂಜನದ ಹಿಂದೆ ಸೊನ್ನೆಯನ್ನಿಟ್ಟು ದ್ವಿತ್ವವನ್ನು ಸೂಚಿಸುವ ರೂಢಿಯುಂಟು. ಆ ಸೊನ್ನೆಯನ್ನು ಅನುಸ್ವಾರವೆಂದು ಓದುವ ನಾಗರೀ ಲಿಪಿಕಾರನಿಂದ ಏನೇನು ಆಗಬಹುದೆಂಬುದನ್ನು ಬಲ್ಲವರು ಊಹಿಸಬಲ್ಲರು.

ಸತ್ಪ್ರರೂಪಣೆಯ ೯೩ನೆಯ ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುತ್ತದೆ. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ಸಂಯತಾಸಂಯತದವರೆಗೆ ಮಾತ್ರ ಎಣಿಕೆಯಿತ್ತು. 'ಸಂಜದ' ಎಂಬ ಮುಂದಿನ ಪದ ಇರಲಿಲ್ಲ. ಆ ಪದವು ಬಿಟ್ಟುಹೋಗಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಈ ಪುಟ್ಟ ಸೂಚನೆಯಿಂದ ಎದ್ದ ವಿವಾದ ದಿಗಂಬರ ಪಂಡಿತಮಂಡಲಿಯನ್ನು ಬಹುಕಾಲ ಕಲಕಿತು. ಕಾರಣ ಸ್ಪಷ್ಟ: ಪದವಿದ್ದರೆ ಮನುಷ್ಯಿಣಿಯರಿಗೆ ಸಂಯತ ಗುಣಸ್ಥಾನಗಳೂ ಉಂಟೆಂದಾಗುತ್ತದೆ, ಆಗ ಅಲ್ಲಿ ದ್ರವ್ಯಸ್ತ್ರೀಯನ್ನು ಗ್ರಹಿಸಬೇಕೋ ಭಾವಸ್ತ್ರೀಯನ್ನು ಗ್ರಹಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ಪದವಿಲ್ಲದಿದ್ದರೆ ಪ್ರಶ್ನೆಯೇ ಇಲ್ಲ. ಸಿದ್ಧಾಂತಕ್ಕೆ ಅನುಕೂಲವಾದ ಪಾಠವೇ ಶುದ್ಧಪಾಠವೆಂದು ಹಲವರು ವಾದಿಸಿದರು.

ಇಲ್ಲಿ ನಿರ್ದಾಕ್ಷಿಣ್ಯವಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಸಿದ್ಧಾಂತದ ಮೇಲಿನ ಭಕ್ತಿ ಎಷ್ಟೇ ಗಾಢವಾಗಿರಲಿ, ಪಾಠನಿರ್ಣಯಕ್ಕೆ ಅದು ಪ್ರಮಾಣವಲ್ಲ. ಸೂತ್ರದ ಟೀಕೆಯಲ್ಲಿ ವೀರಸೇನರೇ ಪೂರ್ವಪಕ್ಷವನ್ನೆತ್ತಿ, ಈ ಆರ್ಷವಚನದಿಂದ ದ್ರವ್ಯಸ್ತ್ರೀಗೆ ಮುಕ್ತಿ ಸಿದ್ಧಿಸುವುದಿಲ್ಲವೇ ಎಂದು ಕೇಳಿ, ಅದನ್ನು ನಿರಾಕರಿಸಿ, ಹದಿನಾಲ್ಕು ಗುಣಸ್ಥಾನಗಳ ಮಾತನ್ನು ಭಾವಸ್ತ್ರೀಯ ಅಪೇಕ್ಷೆಯಿಂದ ಸಮರ್ಥಿಸುತ್ತಾರೆ. ಸೂತ್ರದಲ್ಲಿ 'ಸಂಜದ' ಪದವೇ ಇಲ್ಲದಿದ್ದರೆ ಆಚಾರ್ಯರಿಗೆ ಆ ಶಂಕೆಯೇಕೆ, ಆ ಸಮಾಧಾನವೇಕೆ? ಟೀಕೆಯೇ ಸೂತ್ರದ ಅತ್ಯಂತ ಪ್ರಾಚೀನ ಸಾಕ್ಷಿ. ಜೊತೆಗೆ ಲಿಪಿಕಾರನ ಕಣ್ಣಿನ ಚಲನೆಯನ್ನು ಬಲ್ಲವನಿಗೆ ಲೋಪದ ಕಾರಣವೂ ಹೊಳೆಯುತ್ತದೆ: 'ಸಂಜದಾಸಂಜದ' ಎಂಬ ಪದದ ಬೆನ್ನಿಗೇ 'ಸಂಜದ' ಬಂದಾಗ, ಒಂದೇ ಅಕ್ಷರಸಮೂಹ ಮೂರು ಸಲ ಸಾಲಾಗಿ ಕಾಣುತ್ತದೆ, ಕಣ್ಣು ಒಂದನ್ನು ಹಾರಿ ಮುಂದಕ್ಕೆ ಹೋಗುವುದು ಸಹಜ. ಮುಂದೆ ಮೂಡಬಿದಿರೆಯ ತಾಡಪತ್ರವನ್ನು ನೋಡಿದಾಗ ಅಲ್ಲಿ 'ಸಂಜದ' ಪದವು ಇದ್ದೇ ಇತ್ತು. ಓಲೆಯಲ್ಲಿ ಬರೆದ ಪ್ರಾಚೀನ ಲಿಪಿಕಾರನು ಯಾವ ಪಕ್ಷದವನೂ ಅಲ್ಲ. ಅವನು ಕಂಡದ್ದನ್ನು ಬರೆದನು. ಈ ವಿವಾದವನ್ನು ಬಗೆಹರಿಸಿದುದು ಪಂಡಿತರ ವಾದವಲ್ಲ, ಅವನ ನಿಷ್ಠೆ.

ಮೂರನೆಯ ಸಂಪುಟದಿಂದ ಮುಂದಕ್ಕೆ ಮೂಡಬಿದಿರೆಯ ಭಟ್ಟಾರಕರ ಸಮ್ಮತಿ ದೊರೆತು, ಪಂಡಿತ ಲೋಕನಾಥ ಶಾಸ್ತ್ರಿಗಳು ಮೂಲದೊಡನೆ ಹೋಲಿಸಿ ಪಾಠಭೇದಗಳನ್ನು ಕಳುಹಿಸಿಕೊಟ್ಟರು. ಅಲ್ಲಿಂದಾಚೆಗೆ ಸಂಸ್ಕರಣದ ತೂಕವೇ ಬೇರೆ. ಒಂದು ಭಂಡಾರದ ಬಾಗಿಲು ಮುಚ್ಚಿದ್ದಾಗ ಏನಾಗುತ್ತದೆ, ತೆರೆದಾಗ ಏನಾಗುತ್ತದೆ ಎಂಬುದಕ್ಕೆ ಒಂದೇ ಗ್ರಂಥದ ಎರಡು ಭಾಗಗಳು ನಿದರ್ಶನವಾಗಿ ನಿಂತಿವೆ. ಭಟ್ಟಾರಕರು ಓಲೆಗಳನ್ನು ಅಷ್ಟು ಕಾಲ ಹೊರಗೆ ಬಿಡಲಿಲ್ಲವೆಂದು ಆಕ್ಷೇಪಿಸುವವರುಂಟು; ಬಿಡದೆ ಕಾಪಾಡಿದುದರಿಂದಲೇ ೯೩ನೆಯ ಸೂತ್ರಕ್ಕೆ ಸಾಕ್ಷಿ ಉಳಿಯಿತೆಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ಸಂಸ್ಕರಣದ ಬಗೆಗೆ ಮಲೆನಾಡಿನ ಓದುಗನದೊಂದು ಅಸಮಾಧಾನವೂ ಉಂಟು. ಮೂಡಬಿದಿರೆಯ ಧವಳಾ ಓಲೆಗೆ ಸಂಬಂಧಿಸಿದ ಕನ್ನಡ ಪ್ರಶಸ್ತಿಯು, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಬಂಧುವಾದ ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಆ ಪ್ರತಿಯನ್ನು ಬನ್ನಿಯಕೆರೆಯ ಉತ್ತುಂಗ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳೆಂದು ತಿಳಿಸುತ್ತದೆ. ಈ ಶುಭಚಂದ್ರರು ಹೊಯ್ಸಳ ದಂಡನಾಯಕ ಗಂಗರಾಜನ ಗುರುಗಳು. ಶ್ರವಣಬೆಳಗೊಳದ ನಿಷಿಧಿಶಾಸನದಂತೆ ಕ್ರಿ.ಶ. ೧೧೨೩ರಲ್ಲಿ ಸಮಾಧಿಯನ್ನು ಪಡೆದವರು. ಬನ್ನಿಯಕೆರೆ ಎಂಬುದು ಶಿವಮೊಗ್ಗ ತಾಲ್ಲೂಕಿನ ಬನ್ನಿಕೆರೆ. ಅಲ್ಲಿಯ ೧೧೧೩ರ ಶಾಸನವೂ ಪ್ರಶಸ್ತಿಯೂ ಒಂದನ್ನೊಂದು ಬೆಂಬಲಿಸುವುದರಿಂದ ಓಲೆಯ ಕಾಲ ಸುಮಾರಾಗಿ ನಿಶ್ಚಯವಾಯಿತು. ಹಿಂದಿಯ ಪ್ರಸ್ತಾವನೆಯು ಈ ಕನ್ನಡ ಪದ್ಯಗಳನ್ನು ಉಪಯೋಗಿಸಿಕೊಂಡದ್ದು ಮುಖ್ಯವಾಗಿ ಕಾಲನಿರ್ಣಯಕ್ಕಾಗಿ. ತಿಥಿಯನ್ನು ಹಿಂಡಿಕೊಂಡ ಮೇಲೆ ಪ್ರಶಸ್ತಿಯು ಸಿಪ್ಪೆಯಂತೆ ಬದಿಗೆ ಬಿದ್ದಿತು. ಜೈನಾಗಮದ ಉಳಿದ ಮೂಲಪ್ರತಿಯು ಶಿವಮೊಗ್ಗದ ಸೀಮೆಯ ಒಬ್ಬ ಶ್ರಾವಿಕೆಯ ಶಾಸ್ತ್ರದಾನವೆಂಬ ಸಂಗತಿ ಸಾಹಿತ್ಯಚರಿತ್ರೆಯ ಗ್ರಂಥಗಳಲ್ಲಿ ಅಡಿಟಿಪ್ಪಣಿಗಿಂತ ಮೇಲಕ್ಕೆ ಏರಲಿಲ್ಲ. ಮುತ್ತಿನಕೊಪ್ಪದ ಓದುಗನಿಗೆ ಬನ್ನಿಕೆರೆ ನೆರೆಯ ಸೀಮೆ, ಮೂಡಬಿದಿರೆ ಘಟ್ಟದಾಚೆ. ಒಂದು ಓಲೆ ಆ ಸೀಮೆಯಿಂದ ಘಟ್ಟವನ್ನಿಳಿದು ಹೋದ ದಾರಿಯನ್ನು ಪ್ರಶ್ನೆಯಾಗಿ ಎತ್ತಿಕೊಂಡು ಬರೆಯುವ ಗ್ರಂಥ ಬರಬೇಕು.

ಮೂಲದ ಕೊನೆಯ ಗರಿಯು ಎಷ್ಟು ನಿರ್ಣಾಯಕವೆಂಬುದಕ್ಕೆ ಇನ್ನೊಂದು ಉದಾಹರಣೆ 'ವಡ್ಡಾರಾಧನೆ'. ಡಿ.ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಪ್ರಕಟಿಸಿದ ಈ ಸಂಸ್ಕರಣವನ್ನು ಪುನಃ ಓದಿದಾಗ ಅವರ ಪಾಠಶೋಧನೆಯ ಎಚ್ಚರ ಪ್ರತಿಪುಟದಲ್ಲಿಯೂ ಕಾಣುತ್ತದೆ. ಆದರೆ ಗ್ರಂಥದ ಹೆಸರು, ಗ್ರಂಥಕರ್ತನ ಹೆಸರು ಇವೆರಡೂ ನಿಂತಿರುವುದು ಪ್ರತಿಗಳ ಕೊನೆಯ ಕೆಲವೇ ಮಾತುಗಳ ಮೇಲೆ. ಅಲ್ಲಿ ಶಿವಕೋಟ್ಯಾಚಾರ್ಯ ಎಂಬ ಹೆಸರಿದೆ. ರೇವಾಕೋಟ್ಯಾಚಾರ್ಯ ಎಂಬ ರೂಪವೂ ಉಂಟು. ಡಾ॥ ಆ.ನೇ. ಉಪಾಧ್ಯೆಯವರು ೧೯೪೩ರ ಬೃಹತ್ಕಥಾಕೋಶದ ಪ್ರಸ್ತಾವನೆಯಲ್ಲಿ ಈ ಕಥೆಗಳಿಗೂ ಭಗವತೀ ಆರಾಧನೆಗೂ ಇರುವ ಸಂಬಂಧವನ್ನು ವಿವರಿಸಿ ಚರ್ಚೆಗೆ ಭದ್ರವಾದ ನೆಲೆಯನ್ನು ಕೊಟ್ಟರು. ರಾಮಚಂದ್ರ ಮುಮುಕ್ಷುವಿನ ಪುಣ್ಯಾಸ್ರವ ಕಥಾಕೋಶದ ಉಲ್ಲೇಖವನ್ನು ಆಧರಿಸಿ, ಇದು ಭ್ರಾಜಿಷ್ಣುವಿನ 'ಆರಾಧನಾ ಕರ್ಣಾಟ ಟೀಕೆ' ಎಂದು ಹಂಪ ನಾಗರಾಜಯ್ಯನವರು ವಾದಿಸಿದರು. ಈ ವಾದಕ್ಕೆ ಬಲವಿದೆ. ಹತ್ತೊಂಬತ್ತು ಕಥೆಗಳ ಕೊನೆಗೆ ಬರುವ 'ಕವಚ' ಎಂಬ ಮಾತೇ ಇವು ಆರಾಧನೆಯ ಕವಚಾಧಿಕಾರಕ್ಕೆ ಸೇರಿದವೆಂದು ತೋರಿಸುವಾಗ, ಆ ಪುಷ್ಪಿಕೆಯನ್ನು ಕವಿಯದೆಂದು ಗ್ರಹಿಸಬೇಕೋ ಲಿಪಿಕಾರನದೆಂದು ಗ್ರಹಿಸಬೇಕೋ ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತು. ಪಠ್ಯಪುಸ್ತಕಗಳು ಮಾತ್ರ ಇಂದಿಗೂ ಶಿವಕೋಟ್ಯಾಚಾರ್ಯನನ್ನು ನಿಸ್ಸಂದೇಹವಾಗಿ ಕರ್ತೃವೆಂದು ಕಲಿಸುತ್ತವೆ.

ಡಿ.ಎಲ್.ಎನ್. ಅವರ 'ಕನ್ನಡ ಗ್ರಂಥಸಂಪಾದನೆ' (೧೯೬೪) ಈ ಕ್ಷೇತ್ರಕ್ಕೆ ಕೈಪಿಡಿ. ಅದನ್ನು ಓದದೆ ಓಲೆಯನ್ನು ಮುಟ್ಟಬಾರದು. ಆದರೆ ಗ್ರಂಥಸಂಪಾದನ ಶಾಸ್ತ್ರದ ಗುರಿ ಕವಿಯ ಮೂಲಪಾಠವಾದುದರಿಂದ, ಅದರಲ್ಲಿ ಲಿಪಿಕಾರನು ಬಹುಮಟ್ಟಿಗೆ ತಪ್ಪು ಮಾಡುವವನಾಗಿಯೇ ಕಾಣಿಸಿಕೊಳ್ಳುತ್ತಾನೆ. ಅವನ ಸ್ಖಾಲಿತ್ಯಗಳಿಗೆ ವರ್ಗೀಕರಣವುಂಟು. ಅವನ ಬದುಕಿಗೆ ಅಧ್ಯಾಯವಿಲ್ಲ. ಷ. ಶೆಟ್ಟರ್ ಅವರ 'ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ' (೨೦೧೪) ಈ ಕೊರತೆಯನ್ನು ಒಂದು ದಿಕ್ಕಿನಿಂದ ತುಂಬಿದೆ. ಶಾಸನಗಳನ್ನು ಬರೆದವರು, ಕಂಡರಿಸಿದವರು ಅಲ್ಲಿ ಮೊದಲ ಬಾರಿಗೆ ಹೆಸರು, ಊರು, ಪರಂಪರೆಗಳೊಡನೆ ಎದ್ದುನಿಲ್ಲುತ್ತಾರೆ. ಗ್ರಂಥವು ದೀರ್ಘವಾಯಿತು, ಕೆಲವೆಡೆ ಹೇಳಿದುದನ್ನೇ ಮತ್ತೆ ಹೇಳುತ್ತದೆ ಎಂಬ ದೂರನ್ನು ಅಲ್ಲಗಳೆಯಲಾಗದು. ಆದರೂ ಅದು ಮಾಡಿದ ಕೆಲಸ ಬೇರೆ ಯಾರೂ ಮಾಡದಿದ್ದ ಕೆಲಸ. ಅವರ ಸಾಮಗ್ರಿ ಕಲ್ಲು ಮತ್ತು ತಾಮ್ರ. ಶ್ರೀತಾಳೆಯ ಗರಿಯನ್ನು ಹದಮಾಡಿ ಕಂಟದಿಂದ ಕೊರೆದು ಮಸಿ ತೀಡಿದವನಿಗೆ ಇಂತಹ ಗ್ರಂಥವೊಂದು ಸಲ್ಲಬೇಕಾಗಿದೆ. ಕಲ್ಲಿಗೆ ರೂವಾರಿ ಸಿಕ್ಕಿದನು. ಓಲೆಗೆ ಲಿಪಿಕಾರನು ಸಿಕ್ಕಬೇಕು.

ಸಿಂಹನಗದ್ದೆಯ ಜ್ವಾಲಾಮಾಲಿನಿಯ ಸನ್ನಿಧಿ ಸಮೀಪದಲ್ಲಿರುವುದರಿಂದ ಇಂದ್ರನಂದಿಯ 'ಜ್ವಾಲಾಮಾಲಿನೀ ಕಲ್ಪ'ವನ್ನು ಈ ಓದಿನಿಂದ ಹೊರಗಿಡಲಾಗದು. ಅಲ್ಲಿಯ ದೇವಿಯ ಮೂರ್ತಿ ಗೇರುಸೊಪ್ಪೆಯಿಂದ ಬಂದುದೆಂದು ಸ್ಥಳದ ಪ್ರತೀತಿ. ಕಲ್ಪದ ಕರ್ತೃ ತನ್ನ ಕೃತಿಯನ್ನು ಶಕ ೮೬೧ರಲ್ಲಿ (ಕ್ರಿ.ಶ. ೯೩೯) ಮಾನ್ಯಖೇಟದಲ್ಲಿ ಮುಗಿಸಿದುದಾಗಿ ತಾನೇ ಹೇಳಿಕೊಂಡಿದ್ದಾನೆ, ಹೇಲಾಚಾರ್ಯ, ಅವನ ಶಿಷ್ಯೆ ಕಮಲಶ್ರೀ, ನೀಲಗಿರಿ, ಹೇಮಗ್ರಾಮಗಳ ವೃತ್ತಾಂತವನ್ನೂ ಕೊಟ್ಟಿದ್ದಾನೆ. ಪಿ.ಬಿ. ದೇಸಾಯಿಯವರು ಸೊಲ್ಲಾಪುರದಿಂದ ೧೯೫೭ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜೈನಧರ್ಮದ ಕುರಿತ ಇಂಗ್ಲಿಷ್ ಗ್ರಂಥದಲ್ಲಿ ಈ ಹೇಮಗ್ರಾಮವನ್ನು ತಮಿಳುನಾಡಿನ ಪೊನ್ನೂರೆಂದು ಗುರುತಿಸಿದ್ದಾರೆ. ಊರಿನ ಹೆಸರಿನ ಅರ್ಥ, ಸಮೀಪದ ಬೆಟ್ಟದ ಹೆಸರು, ಸ್ಥಳದ ಆರಾಧನೆ ಮೂರೂ ಕೂಡಿಬರುವ ಈ ವಾದ ಮಾದರಿಯಾದುದು. ಯಕ್ಷಿಯ ಆರಾಧನೆಯನ್ನು ಕೀಳುಗಳೆಯದೆ ಇತಿಹಾಸದ ವಿಷಯವಾಗಿ ತೆಗೆದುಕೊಂಡ ಅವರ ಧೋರಣೆಯೂ ಮೆಚ್ಚತಕ್ಕದ್ದು. ಹಿಂದಿಯ ಅನುವಾದದೊಡನೆ ೧೯೬೬ರಲ್ಲಿ ಸೂರತ್ತಿನಿಂದ ಹೊರಬಂದ ಕಲ್ಪದ ಮುದ್ರಣವು ಮಂತ್ರಸಾಧಕರ ಉಪಯೋಗಕ್ಕಾಗಿ ಆದುದೇ ಹೊರತು ವಿಮರ್ಶಾತ್ಮಕ ಸಂಸ್ಕರಣವಲ್ಲ. ಇಂತಹ ಕೃತಿಗೆ ಕನ್ನಡನಾಡಿನ ಓಲೆಗಳೊಡನೆ ಹೋಲಿಸಿದ ಪಾಠವೇ ಬೇಕು. ಬೀಜಾಕ್ಷರದಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಅಲ್ಲಿ ಅರ್ಥ ಕೆಡುತ್ತದೆ.

ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಂದ್ರನಂದಿಯ ಪ್ರಶಸ್ತಿ ಉಳಿಯಿತು, ಏಕೆಂದರೆ ಅದು ಕರ್ತೃವಿನದು. ಪ್ರತಿಯೊಬ್ಬ ಲಿಪಿಕಾರನೂ ಅದನ್ನು ಗ್ರಂಥದ ಅಂಗವೆಂದು ನಕಲು ಮಾಡಿದನು. ದೇಮಿಯಕ್ಕನಂತಹವರ ಪ್ರಶಸ್ತಿ ಆ ಒಂದು ಓಲೆಗೆ ಮಾತ್ರ ಸೇರಿದುದು. ಓಲೆ ಹೋದರೆ ಅದೂ ಹೋಯಿತು. ಸಂಪಾದಕನು ಅಚ್ಚು ಮಾಡದಿದ್ದರೆ ಓಲೆಯಿದ್ದರೂ ಹೋದಂತೆಯೇ. ಗ್ರಂಥದ ಪಾಠವನ್ನು ಹತ್ತು ಪ್ರತಿಗಳಿಂದ ಕಟ್ಟಬಹುದು, ದಾನಿಯ ಹೆಸರನ್ನು ಇನ್ನೊಂದು ಪ್ರತಿಯಿಂದ ತರಲಾಗದು.

ಶ್ರವಣಬೆಳಗೊಳದ ಪ್ರಾಕೃತ ಸಂಶೋಧನ ಸಂಸ್ಥೆಯ ಮೂಲಕ ಧವಳಾದಿ ಸಿದ್ಧಾಂತಗ್ರಂಥಗಳು ಕನ್ನಡಕ್ಕೆ ಬಂದಿರುವುದು ಸಂತೋಷದ ಸಂಗತಿ. ಕನ್ನಡ ಲಿಪಿಯಲ್ಲಿ ಉಳಿದ ಗ್ರಂಥವು ನಾಗರಿಯನ್ನು ಸುತ್ತಿ ಕನ್ನಡಕ್ಕೆ ಮರಳಿದೆ. ಮುಂದಿನ ಮುದ್ರಣಗಳಲ್ಲಿ ಬನ್ನಿಯಕೆರೆಯ ಪ್ರಶಸ್ತಿಯನ್ನು ಅದರ ಹಳಗನ್ನಡ ರೂಪದಲ್ಲಿಯೇ, ಓಲೆಯ ಛಾಯಾಚಿತ್ರದೊಡನೆ, ಮೊದಲ ಸಂಪುಟದ ಮೊದಲ ಪುಟದಲ್ಲಿ ಅಚ್ಚುಮಾಡುವುದು ಯುಕ್ತ. ೯೩ನೆಯ ಸೂತ್ರದ ಬಳಿ ತಾಡಪತ್ರದ ಆ ಸಾಲಿನ ಚಿತ್ರವನ್ನೂ ಕೊಟ್ಟರೆ ಮುಂದೆ ಯಾರೂ ವಾದಿಸಬೇಕಾಗದು.

ಮಲೆನಾಡಿನ ಓಲೆಗಳ ಸೂಚಿಯ ಕೆಲಸವೂ ಹಾಗೆಯೇ ಉಳಿದಿದೆ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ನಮೂನೆಗಳಲ್ಲಿ ತುಂಬಬೇಕಾದ ವಿವರಗಳು ಬಹಳ. ಆದರೆ ಮನೆಯ ಅಟ್ಟದ ಮೇಲಿನ ಕಟ್ಟನ್ನು ಬಿಚ್ಚಲು ನಮೂನೆ ಸಾಲದು, ಹಳಗನ್ನಡ ಓದಬಲ್ಲವನೊಬ್ಬನು ಬಂದು ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ದೇಮಿಯಕ್ಕನು ಓಲೆಯನ್ನು ಒಪ್ಪಿಸಿದುದು ಶ್ರುತಪಂಚಮಿಯ ವ್ರತದಲ್ಲಿ. ಇಂದಿಗೂ ಜ್ಯೇಷ್ಠ ಶುದ್ಧ ಪಂಚಮಿಯಂದು ಓಲೆಕಟ್ಟುಗಳು ಪೂಜೆಗೆ ಹೊರಬರುತ್ತವೆ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಆ ಹೊತ್ತಿಗೆ ಮುಂಗಾರು ಹಿಡಿಯುತ್ತದೆ, ಗಾಳಿಯಲ್ಲಿಯೇ ತೇವವಿರುತ್ತದೆ. ಸೂಚಿ ಮಾಡಲು ಬರುವವರು ಶ್ರುತಪಂಚಮಿಯವರೆಗೆ ಕಾಯದೆ ಫಾಲ್ಗುಣ–ಚೈತ್ರದ ಒಣಬಿಸಿಲಿನಲ್ಲಿ ಬಂದು, ಗರಿಗಳನ್ನು ಒರೆಸಿ, ಎಣ್ಣೆ ಸವರಿ, ಕೊನೆಯ ಗರಿಯನ್ನು ಮೊದಲು ಓದಿ ಬರೆದುಕೊಂಡು, ಮಳೆ ಬೀಳುವ ಮುನ್ನ ಕಟ್ಟನ್ನು ಬಿಗಿದು ಹಿಂದಕ್ಕೆ ಇಡುವುದು ಒಳಿತು.